ಅಪ್ಪ-ಅಮ್ಮನಿಗೆ ಯಾವ ಆರೋಗ್ಯ ವಿಮೆ? ಒಂದೇ ಬಿಲ್ಲನ್ನು ನಾಲ್ಕು ಕಡೆ ಇಟ್ಟು ನೋಡೋಣ

ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ವಯಸ್ಸು 68. ಸೀನಿಯರ್ ಸಿಟಿಜನ್ ಪಾಲಿಸಿ ಇತ್ತು, 5 ಲಕ್ಷದ್ದು. ಆಪರೇಷನ್ ಆಯಿತು, ಆರು ದಿನ ಆಸ್ಪತ್ರೆಯಲ್ಲಿದ್ದೆವು, ಬಿಲ್ 3,40,000 ರೂಪಾಯಿ ಬಂತು. 5 ಲಕ್ಷದ ಒಳಗೇ ಇದೆಯಲ್ಲ, ಚಿಂತೆ ಯಾಕೆ ಎಂದುಕೊಂಡು ಕೌಂಟರ್ ಹತ್ತಿರ ಹೋದೆ. ಅಲ್ಲಿ ನಾನು ಕಟ್ಟಬೇಕಾಗಿ ಬಂದದ್ದು 1,70,000. ಸರಿಯಾಗಿ ಅರ್ಧ.

ಅದರಲ್ಲಿ 39,600 ರೂಪಾಯಿ ಅವರು ತಪ್ಪಾಗಿ ಕತ್ತರಿಸಿದ್ದು. ಅದು ಆಮೇಲೆ ವಾಪಸ್ ಬಂತು, ಹೇಗೆ ಬಂತು ಅಂತ ಕೊನೆಗೆ ಹೇಳುತ್ತೇನೆ. ಉಳಿದ 1,30,400 ಮಾತ್ರ ನಾವೇ ಸಹಿ ಹಾಕಿದ ಪಾಲಿಸಿಯ ಪ್ರಕಾರ ಹೋದ ದುಡ್ಡು. ಅಂದಿನಿಂದ ಯಾರಾದರೂ "ಅಪ್ಪನಿಗೆ ಒಂದು ಇನ್ಶೂರೆನ್ಸ್ ಮಾಡಿಸಬೇಕು, ಯಾವುದು ಒಳ್ಳೆಯದು" ಎಂದು ಕೇಳಿದರೆ ನಾನು ಕಂಪನಿ ಹೆಸರು ಹೇಳುವುದಿಲ್ಲ. ಎಷ್ಟು ಲಕ್ಷದ ಕವರ್ ಅಂತಲೂ ಮೊದಲು ಕೇಳುವುದಿಲ್ಲ. ನಾಳೆ ಒಂದು ಬಿಲ್ ಬಂದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ? ಅದನ್ನೇ ಲೆಕ್ಕ ಹಾಕಿ ಅನ್ನುತ್ತೇನೆ. ಹಾಗಾಗಿ ಅಮ್ಮನ ಅದೇ ಬಿಲ್ಲನ್ನು ಇಟ್ಟುಕೊಂಡು ಒಂದೊಂದೇ ದಾರಿಯನ್ನು ನೋಡೋಣ.

ಮೊದಲು ಬಿಲ್ ಬಿಡಿಸುತ್ತೇನೆ. ರೂಮಿಗೆ ದಿನಕ್ಕೆ 8,000ದಂತೆ ಆರು ದಿನಕ್ಕೆ 48,000. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 1,60,000. ಔಷಧಿ, ಒಳಗೆ ಹಾಕಿದ ಇಂಪ್ಲಾಂಟ್, ಸ್ಕ್ಯಾನ್, ರಕ್ತ ಪರೀಕ್ಷೆ ಸೇರಿ 1,32,000.

ನಮ್ಮ ಪಾಲಿಸಿಯಲ್ಲಿ ರೂಮ್ ರೆಂಟ್ ಮಿತಿ ಇತ್ತು. ಕವರ್ ಮೊತ್ತದ 1%, ಅಂದರೆ ದಿನಕ್ಕೆ 5,000. ಕಡಿಮೆ ಬಾಡಿಗೆಯ ರೂಮ್ ಖಾಲಿ ಇರಲಿಲ್ಲ, ದಿನಕ್ಕೆ 3,000 ನಾವು ಹಾಕಿಕೊಂಡರಾಯಿತು ಎಂದು 8,000ದ ರೂಮಿಗೆ ಒಪ್ಪಿದೆ. ಅಲ್ಲೇ ಎಡವಿದ್ದು. ಮಿತಿ ದಾಟಿದರೆ ಬರೀ ರೂಮಿನ ವ್ಯತ್ಯಾಸ ಅಲ್ಲ, ಡಾಕ್ಟರ್ ಫೀಸು, ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. 8ರಲ್ಲಿ 5 ಭಾಗ ಅವರದು, 3 ಭಾಗ ನಮ್ಮದು. ಹಾಗಾಗಿ ರೂಮಿನಲ್ಲಿ 18,000 ಹೋಯಿತು, ಡಾಕ್ಟರ್ ಮತ್ತು ಥಿಯೇಟರ್ ಖರ್ಚಿನಲ್ಲಿ 60,000 ಹೋಯಿತು. ಉಳಿದ 2,62,000ಕ್ಕೆ 20% ಕೋ-ಪೇ, ಅಂದರೆ ಪ್ರತಿ ಕ್ಲೇಮಿನಲ್ಲೂ ಇಷ್ಟು ಪಾಲು ನಾವೇ ಕೊಡಬೇಕು ಎಂಬ ಷರತ್ತು. ಅದು 52,400. ಒಟ್ಟು 1,30,400. ಪಾಲಿಸಿ ಪುಸ್ತಕದ ಎರಡು ಸಾಲು ಇಷ್ಟೊಂದು ದುಡ್ಡು ತಿಂದಿತು, ಮತ್ತು ಆ ಎರಡು ಸಾಲನ್ನು ಕೊಳ್ಳುವಾಗ ನಾನು ಓದಿರಲಿಲ್ಲ.

ಮಕ್ಕಳ ಆಫೀಸಿನ ಗ್ರೂಪ್ ಪಾಲಿಸಿ

ನಿಮ್ಮ ಕಂಪನಿ ಅಪ್ಪ-ಅಮ್ಮನನ್ನೂ ಸೇರಿಸಲು ಬಿಡುತ್ತದೆ ಅಂದರೆ ಯೋಚನೆ ಮಾಡಬೇಡಿ, ಸೇರಿಸಿ. ಸಾಮಾನ್ಯವಾಗಿ ಇದರಲ್ಲಿ ಮೆಡಿಕಲ್ ಟೆಸ್ಟ್ ಇರುವುದಿಲ್ಲ, ಮೊದಲೇ ಇದ್ದ ಶುಗರ್, ಬಿಪಿ, ಹಾರ್ಟ್ ತೊಂದರೆಗೂ ಮೊದಲ ದಿನದಿಂದಲೇ ಕವರ್ ಸಿಗುತ್ತದೆ. ಆದರೆ ತಂದೆ-ತಾಯಿಗೆ ಮಾತ್ರ ಬೇರೆ ಷರತ್ತು ಹಾಕಿರುವುದು ಉಂಟು. ಕೋ-ಪೇ ಇದೆಯಾ, ರೂಮ್ ಮಿತಿ ಎಷ್ಟು, ಕಣ್ಣಿನ ಪೊರೆ ಆಪರೇಷನ್ನಿಗೆ ಎಷ್ಟರವರೆಗೆ ಕೊಡುತ್ತಾರೆ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ.

ಇದರ ಕಷ್ಟ ಒಂದೇ. ಕೆಲಸ ಬಿಟ್ಟ ದಿನ ಕವರ್ ಕೂಡ ಹೋಗುತ್ತದೆ. ಮಗನಿಗೆ 45 ಆದಾಗ ಅಪ್ಪನಿಗೆ 72 ಇರುತ್ತದೆ, ಆಗ ಕೆಲಸ ಹೋದರೆ ಹೊಸ ಪಾಲಿಸಿ ಹುಡುಕಿಕೊಂಡು ಹೋಗುವ ವಯಸ್ಸಾ ಅದು? ಕೆಲಸ ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಲು ಅರ್ಜಿ ಕೊಡಬಹುದು, ಗ್ರೂಪಿನಲ್ಲಿ ಕಳೆದ ವರ್ಷಗಳು ವೇಟಿಂಗ್ ಪೀರಿಯಡ್‌ಗೆ, ಅಂದರೆ ಕೆಲವು ಕಾಯಿಲೆಗೆ ಕವರ್ ಸಿಗುವ ಮೊದಲು ಕಾಯಬೇಕಾದ ಅವಧಿಗೆ, ಲೆಕ್ಕಕ್ಕೆ ಬರುತ್ತವೆ. ಇದು ಬಹಳ ಜನರಿಗೆ ಗೊತ್ತಿಲ್ಲ. ನೋಟಿಸ್ ಪೀರಿಯಡ್ ಶುರುವಾದ ದಿನವೇ ಕೇಳಿ, ಕೊನೆಯ ವಾರದವರೆಗೆ ಬಿಡಬೇಡಿ.

70 ದಾಟಿದವರ ಸರ್ಕಾರಿ ಕಾರ್ಡ್

ಆಯುಷ್ಮಾನ್ ವಯ ವಂದನಾ ಕಾರ್ಡ್. 2024ರ ಅಕ್ಟೋಬರ್ 29ರಂದು ಶುರುವಾಯಿತು. 70 ವರ್ಷ ಆದ ಯಾರಿಗಾದರೂ, ಬಡವರಿರಲಿ ಶ್ರೀಮಂತರಿರಲಿ, ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು. ಪ್ರೀಮಿಯಂ ಇಲ್ಲ, ವೇಟಿಂಗ್ ಇಲ್ಲ, ಹಳೆಯ ಕಾಯಿಲೆ ಎಂಬ ತಕರಾರೂ ಇಲ್ಲ. ವಯಸ್ಸನ್ನು ಆಧಾರ್ ನೋಡಿ ಲೆಕ್ಕ ಹಾಕುತ್ತಾರೆ, ಆದ್ದರಿಂದ ಆಧಾರ್‌ನಲ್ಲಿ ಹುಟ್ಟಿದ ದಿನ ತಪ್ಪಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಆ 5 ಲಕ್ಷ ಇಬ್ಬರಿಗೂ ಸೇರಿ. ಮನೆಯವರು ಮೊದಲೇ ಆಯುಷ್ಮಾನ್ ಯೋಜನೆಯಲ್ಲಿದ್ದರೆ ಹಿರಿಯರಿಗೆ ಬೇರೆಯಾಗಿ ಇನ್ನೊಂದು 5 ಲಕ್ಷ ಇರುತ್ತದೆ, ಅದನ್ನು ಚಿಕ್ಕವರು ಬಳಸುವಂತಿಲ್ಲ.

ಖಾಸಗಿ ಪಾಲಿಸಿ ಇದ್ದರೂ ಈ ಕಾರ್ಡ್ ಮಾಡಿಸಬಹುದು. ಕೇಂದ್ರ ಸರ್ಕಾರಿ ನೌಕರರ ಮತ್ತು ಪಿಂಚಣಿದಾರರ ಸಿಜಿಎಚ್‌ಎಸ್ ಅಥವಾ ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ಮಾತ್ರ ಅದೋ ಇದೋ ಒಂದನ್ನು ಆರಿಸಿಕೊಳ್ಳಬೇಕು. ಆ ಹಳೆಯ ಯೋಜನೆಗಳಲ್ಲಿ ಹೊರರೋಗಿ ಚಿಕಿತ್ಸೆ, ಔಷಧಿ ಎಲ್ಲ ಸಿಗುತ್ತದೆ. ಅದನ್ನು ಬಿಟ್ಟುಕೊಡುವ ಮೊದಲು ಎರಡು ಸಲ ಯೋಚಿಸಿ, ನನ್ನ ಮಟ್ಟಿಗೆ ಬಿಡಬಾರದು.

ಅಮ್ಮನ ಬಿಲ್ಲನ್ನು ಇಲ್ಲಿಟ್ಟರೆ? ಅಮ್ಮನಿಗೆ ಆಗ 70 ಆಗಿರಲಿಲ್ಲ, ಸಿಗುತ್ತಿರಲಿಲ್ಲ. ಆಗಿದ್ದಿದ್ದರೆ, ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಿದ್ದರೆ, ಕೈಯಿಂದ ಏನೂ ಹೋಗುತ್ತಿರಲಿಲ್ಲ. ಆದರೆ ಜನರಲ್ ವಾರ್ಡು, ಸರ್ಕಾರ ಗೊತ್ತು ಮಾಡಿದ ಪ್ಯಾಕೇಜು. ಯೋಜನೆಯಲ್ಲಿ ಇಲ್ಲದ ಆಸ್ಪತ್ರೆಗೆ ಹೋಗಿ ಆಮೇಲೆ ಬಿಲ್ ಕೊಟ್ಟು ದುಡ್ಡು ಕೇಳಲು ಆಗುವುದಿಲ್ಲ. ಅದಕ್ಕೇ ಕಾರ್ಡ್ ಮಾಡಿಸಿದ ಮೇಲೆ ಸುಮ್ನೆ ಬೀರುವಿನಲ್ಲಿ ಇಡಬೇಡಿ. ನಿಮ್ಮ ಮನೆಗೆ ಹತ್ತಿರದ ಎರಡು ಮೂರು ಆಸ್ಪತ್ರೆಗೆ ಆರೋಗ್ಯವಾಗಿರುವಾಗಲೇ ಹೋಗಿ, ಈ ಕಾರ್ಡ್ ತೆಗೆದುಕೊಳ್ಳುತ್ತೀರಾ, ಮೂಳೆಗೆ ತೆಗೆದುಕೊಳ್ಳುತ್ತೀರಾ, ಹಾರ್ಟಿಗೆ ತೆಗೆದುಕೊಳ್ಳುತ್ತೀರಾ, ಬೇರೆ ಆಸ್ಪತ್ರೆಯಿಂದ ಚೀಟಿ ತರಬೇಕಾ ಎಂದು ಆ ಡೆಸ್ಕಿನಲ್ಲಿ ಕೂತವರನ್ನೇ ಕೇಳಿಕೊಂಡು ಬನ್ನಿ. ಒಂದು ಆಸ್ಪತ್ರೆ ಎಲ್ಲ ವಿಭಾಗಕ್ಕೂ ಸೇರಿರಬೇಕು ಅಂತೇನಿಲ್ಲ. ಸಹಾಯವಾಣಿ 14555.

ಸಹಕಾರ ಸಂಘದ ಸದಸ್ಯರಿದ್ದರೆ ಕರ್ನಾಟಕದ ಯಶಸ್ವಿನಿ ಯೋಜನೆಯನ್ನೂ ವಿಚಾರಿಸಿ. ಅದಕ್ಕೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಹೆಸರು ಬರೆಸಿಕೊಳ್ಳುತ್ತಾರೆ, ಸಂಘದ ಕಾರ್ಯದರ್ಶಿಗೆ ಗೊತ್ತಿರುತ್ತದೆ.

ಸ್ವಂತ ಪಾಲಿಸಿ

ಇಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕು, ಇಲ್ಲೇ ಜಾಸ್ತಿ ಜನ ಸೋಲುವುದು.

65 ದಾಟಿದರೆ ಯಾರೂ ಪಾಲಿಸಿ ಕೊಡುವುದಿಲ್ಲ ಎಂಬುದು ಹಳೆಯ ಮಾತು. 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಕರಾದ ಐಆರ್‌ಡಿಎಐ ನಿಯಮ ಬದಲಿಸಿದೆ, ಎಲ್ಲ ವಯಸ್ಸಿನವರಿಗೂ ಕಂಪನಿಗಳು ಪಾಲಿಸಿ ಇಟ್ಟಿರಬೇಕು. ಹಾಗಂತ ಕೇಳಿದ ಪ್ರತಿಯೊಬ್ಬರಿಗೂ ಕೊಡಲೇಬೇಕು ಅಂತ ಅರ್ಥ ಅಲ್ಲ. ಟೆಸ್ಟ್ ಮಾಡಿಸಿ ಬೇಡ ಅನ್ನಬಹುದು, ಪ್ರೀಮಿಯಂ ಏರಿಸಬಹುದು. ಒಬ್ಬರು ಬೇಡ ಎಂದರೆ ಇನ್ನೊಬ್ಬರನ್ನು ಕೇಳಿ.

ಎರಡು ಪಾಲಿಸಿ ಪಕ್ಕಪಕ್ಕ ಇಟ್ಟುಕೊಂಡಾಗ ನಾನು ನೋಡುವುದು ಇದೇ ಕ್ರಮದಲ್ಲಿ. ಮೊದಲು ರೂಮ್ ರೆಂಟ್. ಮಿತಿ ಇರುವ ಪಾಲಿಸಿ ಬೇಡವೇ ಬೇಡ, ಪ್ರೀಮಿಯಂ ಎಷ್ಟೇ ಕಡಿಮೆ ಇರಲಿ. "ಸಿಂಗಲ್ ಪ್ರೈವೇಟ್ ರೂಮ್" ಎಂದು ಬರೆದಿದ್ದರೆ ಪರವಾಗಿಲ್ಲ, ರೂಪಾಯಿ ಲೆಕ್ಕದಲ್ಲಿ ಅಥವಾ ಶೇಕಡಾ ಲೆಕ್ಕದಲ್ಲಿ ಕಟ್ಟಿಹಾಕಿದ್ದರೆ ಬಿಟ್ಟುಬಿಡಿ. ಆಮೇಲೆ ಕೋ-ಪೇ. ಇದು ರೂಮ್ ಮಿತಿಯಷ್ಟು ಕೆಟ್ಟದ್ದಲ್ಲ, ಯಾಕೆಂದರೆ ಮೊದಲೇ ಲೆಕ್ಕ ಗೊತ್ತಿರುತ್ತದೆ. 10% ಅಥವಾ 20% ಒಪ್ಪಿಕೊಂಡರೆ ಪ್ರೀಮಿಯಂ ಕಡಿಮೆ ಆಗುತ್ತದೆ, ಅಷ್ಟು ಉಳಿತಾಯ ಬ್ಯಾಂಕಿನಲ್ಲಿ ಇದ್ದರೆ ಒಪ್ಪಿಕೊಳ್ಳಬಹುದು. ರೂಮ್ ಮಿತಿ ಇಲ್ಲದೆ ಬರೀ 20% ಕೋ-ಪೇ ಇದ್ದಿದ್ದರೆ ಅಮ್ಮನ ಬಿಲ್ಲಿನಲ್ಲಿ ನನ್ನ ಪಾಲು 68,000. ಎರಡೂ ಇಲ್ಲದಿದ್ದರೆ ಗ್ಲೌಸು, ಮಾಸ್ಕಿನಂತಹ ಸಣ್ಣಪುಟ್ಟ ಸಾಮಾನಿನ ದುಡ್ಡು ಮಾತ್ರ. ನೋಡಿ, ಮೂರೂ 5 ಲಕ್ಷದ ಪಾಲಿಸಿಯೇ.

ಮೂರನೆಯದು ವೇಟಿಂಗ್ ಪೀರಿಯಡ್. ಈಗ ನಿಯಮದ ಪ್ರಕಾರ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು, ಮೊದಲು 48 ಇತ್ತು. ಅಪಘಾತ ಬಿಟ್ಟು ಬೇರೆ ಎಲ್ಲಕ್ಕೂ ಮೊದಲ 30 ದಿನ ಕಾಯಬೇಕು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆ, ಪ್ರಾಸ್ಟೇಟ್ ಇಂಥವುಗಳಿಗೆ ಕಾಯಿಲೆ ಮೊದಲು ಇರಲಿ ಇಲ್ಲದಿರಲಿ, ಸಾಮಾನ್ಯವಾಗಿ 24 ತಿಂಗಳು. ಹಿರಿಯರಿಗೆ ಬರುವುದೇ ಇವು ಅಲ್ವಾ? ಅದಕ್ಕೇ ಅಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ಪಾಲಿಸಿ ಹುಡುಕಿದರೆ ಆ ಮಂಡಿಗೆ ಅದು ಬರುವುದಿಲ್ಲ. 58-60ರಲ್ಲಿ, ಗಟ್ಟಿಯಾಗಿರುವಾಗಲೇ ಮಾಡಿಸಿಬಿಡಿ ಎಂದು ಎಲ್ಲರ ಹತ್ತಿರ ಗೋಗರೆಯುತ್ತೇನೆ.

ಕೊನೆಗೆ ಒಂದೊಂದು ಕಾಯಿಲೆಗೆ ಇಷ್ಟೇ ಎಂಬ ಒಳಮಿತಿಗಳು. ಒಳಗಿನ ಪುಟದಲ್ಲಿ ಒಂದು ಪಟ್ಟಿ ಇರುತ್ತದೆ, ಹುಡುಕಿ ನೋಡಿ.

ಇನ್ನೊಂದು ತಪ್ಪು ಬಹಳ ಮನೆಗಳಲ್ಲಿ ನೋಡಿದ್ದೇನೆ. ಗಂಡ, ಹೆಂಡತಿ, ಮಕ್ಕಳ ಫ್ಯಾಮಿಲಿ ಪಾಲಿಸಿಗೇ ಅಪ್ಪ-ಅಮ್ಮನನ್ನೂ ಸೇರಿಸುವುದು. ಒಂದೇ ಕವರ್ ಅನ್ನು ಮನೆಯವರೆಲ್ಲ ಹಂಚಿಕೊಳ್ಳುವ ಇಂಥ ಫ್ಲೋಟರ್ ಪಾಲಿಸಿಯಲ್ಲಿ ಅತಿ ಹಿರಿಯರ ವಯಸ್ಸು ನೋಡಿ ಪ್ರೀಮಿಯಂ ಹಾಕುತ್ತಾರೆ, ಹಾಗಾಗಿ ಎಲ್ಲರಿಗೂ ಏರುತ್ತದೆ. ಅಪ್ಪನ ಒಂದು ಆಪರೇಷನ್ನಿಗೆ ಆ ವರ್ಷದ ಕವರ್ ಮುಗಿದರೆ ಮಗುವಿಗೆ ಉಳಿಯುವುದಿಲ್ಲ. ಅವರಿಗೆ ಬೇರೆ ಮಾಡಿಸಿ. ಇಬ್ಬರಿಗೂ ಒಂದೊಂದು ಮಾಡಿಸಲು ಆದರೆ ಇನ್ನೂ ಒಳ್ಳೆಯದು.

ದುಡ್ಡಿನ ವಿಷಯದಲ್ಲಿ ಸ್ವಲ್ಪ ಸಮಾಧಾನ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ 18% ಜಿಎಸ್‌ಟಿ ತೆಗೆದಿದ್ದಾರೆ. 60 ದಾಟಿದವರ ಪ್ರೀಮಿಯಂ ಅನ್ನು ನಿಯಂತ್ರಕರನ್ನು ಕೇಳದೆ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬಾರದು ಎಂದು 2025ರ ಜನವರಿಯಲ್ಲಿ ಆದೇಶ ಬಂದಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ 60 ದಾಟಿದ ತಂದೆ-ತಾಯಿಯ ಪ್ರೀಮಿಯಂ ಕಟ್ಟಿದರೆ 50,000ದವರೆಗೆ ಆದಾಯದಲ್ಲಿ ಕಳೆಯಬಹುದು, ನಗದಾಗಿ ಕಟ್ಟಿದರೆ ಸಿಗುವುದಿಲ್ಲ.

ಸೂಪರ್ ಟಾಪ್-ಅಪ್

ಇದು ಒಂದು ಮಟ್ಟದ ಮೇಲಿನ ಖರ್ಚಿಗೆ ಮಾತ್ರ. 5 ಲಕ್ಷದ ಡಿಡಕ್ಟಿಬಲ್ ಅಂದರೆ ಮೊದಲ 5 ಲಕ್ಷ ನಿಮ್ಮದು ಅಥವಾ ನಿಮ್ಮ ಇನ್ನೊಂದು ಪಾಲಿಸಿಯದು, ಅದರ ಮೇಲಿನದು ಇವರದು. ಅಮ್ಮನ ಬಿಲ್ಲಿಗೆ ಇದರಿಂದ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಆದರೆ ಕ್ಯಾನ್ಸರ್, ಬೈಪಾಸ್, ಹದಿನೈದು ದಿನದ ಐಸಿಯು ಅಂತ ಬಂದಾಗ ಮನೆ ಉಳಿಸುವುದು ಇದೇ, ಮತ್ತು ಅಷ್ಟೇ ಕವರ್ ಇರುವ ಸಾಮಾನ್ಯ ಪಾಲಿಸಿಗಿಂತ ಪ್ರೀಮಿಯಂ ಬಹಳ ಕಡಿಮೆ.

"ಟಾಪ್-ಅಪ್" ಬೇರೆ, "ಸೂಪರ್ ಟಾಪ್-ಅಪ್" ಬೇರೆ. ಒಂದೇ ವರ್ಷದಲ್ಲಿ 4 ಲಕ್ಷದ ಎರಡು ಬಿಲ್ ಬಂತು ಎಂದುಕೊಳ್ಳಿ. ಬರೀ ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ, ಎರಡೂ 5 ಲಕ್ಷ ದಾಟಲಿಲ್ಲ, ಏನೂ ಕೊಡುವುದಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು 8 ಲಕ್ಷ ನೋಡಿ 3 ಲಕ್ಷ ಕೊಡುತ್ತದೆ. ಆ "ಸೂಪರ್" ಎಂಬ ಪದ ಕಾಗದದ ಮೇಲೆ ಇದೆಯಾ ನೋಡಿಕೊಂಡೇ ದುಡ್ಡು ಕೊಡಿ.

ಹಾಗಾದರೆ ಯಾರಿಗೆ ಯಾವುದು? ವಯಸ್ಸು 60ರ ಆಸುಪಾಸಿನಲ್ಲಿದ್ದು ಆರೋಗ್ಯ ಚೆನ್ನಾಗಿದ್ದರೆ ರೂಮ್ ಮಿತಿ ಇಲ್ಲದ ಸ್ವಂತ ಪಾಲಿಸಿ, ಜೊತೆಗೆ ಸೂಪರ್ ಟಾಪ್-ಅಪ್. ಮಕ್ಕಳ ಆಫೀಸಿನದು ಇದ್ದರೂ ಇದನ್ನು ಮಾಡಿಸಿ, ವೇಟಿಂಗ್ ಪೀರಿಯಡ್ ಕಳೆಯುತ್ತಾ ಹೋಗಲಿ. 70 ದಾಟಿ ಪ್ರೀಮಿಯಂ ಕೈಗೆ ಎಟುಕದಿದ್ದರೆ ವಯ ವಂದನಾ ಕಾರ್ಡ್ ಮೊದಲು, ಸಾಧ್ಯವಾದರೆ ಒಂದು ಸೂಪರ್ ಟಾಪ್-ಅಪ್, ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟ ಒಂದು ಎಫ್‌ಡಿ. ಈಗಾಗಲೇ ಹಳೆಯ ಪಾಲಿಸಿ ಇದ್ದರೆ ಕೋಪದಲ್ಲಿ ನಿಲ್ಲಿಸಬೇಡಿ. ರಿನ್ಯೂವಲ್‌ಗೆ 45 ದಿನ ಮೊದಲು ಅರ್ಜಿ ಕೊಟ್ಟರೆ ಬೇರೆ ಕಂಪನಿಗೆ ಪೋರ್ಟ್ ಮಾಡಬಹುದು, ಕಳೆದ ವರ್ಷಗಳು ಜೊತೆಗೆ ಬರುತ್ತವೆ. ಹೊಸಬರು ಒಪ್ಪಿಕೊಂಡರು ಎಂಬ ಕಾಗದ ಕೈಗೆ ಬರುವವರೆಗೂ ಹಳೆಯದನ್ನು ಬಿಡಬೇಡಿ. ನಾವು ಅಮ್ಮನ ಪಾಲಿಸಿಯನ್ನು ಹಾಗೆಯೇ ಬದಲಿಸಿದೆವು.

ಫಾರಂ ತುಂಬುವ ದಿನ

ಏಜೆಂಟ್ ಬಂದು "ಶುಗರ್ ಬರೆಯೋದು ಬೇಡ ಸಾರ್, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅನ್ನಬಹುದು. ಬರೆಯಿರಿ. ಹತ್ತು ವರ್ಷದ ಹಿಂದಿನ ಆಪರೇಷನ್ನನ್ನೂ ಬರೆಯಿರಿ, ದಿನಾ ನುಂಗುವ ಮಾತ್ರೆಯನ್ನೂ ಬರೆಯಿರಿ. ಮುಚ್ಚಿಟ್ಟದ್ದು ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಹೇಗೂ ಹೊರಬರುತ್ತದೆ, ಆಗ ಕ್ಲೇಮ್ ತಿರಸ್ಕರಿಸುತ್ತಾರೆ, ಅಷ್ಟು ಹೊತ್ತಿಗೆ ಏಜೆಂಟ್ ಫೋನ್ ಎತ್ತುವುದಿಲ್ಲ. ಐದು ವರ್ಷ ಸತತವಾಗಿ ಪಾಲಿಸಿ ನಡೆಸಿದರೆ ಆಮೇಲೆ ಹೇಳಲಿಲ್ಲ ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ, ವಂಚನೆ ಎಂದು ಅವರು ಸಾಬೀತು ಮಾಡಬೇಕು. ಆದರೆ ಆ ಐದು ವರ್ಷದೊಳಗೇ ಏನಾದರೂ ಆದರೆ?

ಫಾರಂ ತುಂಬುವಾಗ ಅಪ್ಪ-ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮಗೆ ಗೊತ್ತಿಲ್ಲದ ಎಷ್ಟೋ ಕಾಯಿಲೆ ಅವರಿಗೆ ಗೊತ್ತಿರುತ್ತದೆ, ನಮಗೆ ಚಿಂತೆ ಆಗದಿರಲಿ ಎಂದು ಹೇಳಿರುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಸಮಯ ಇದೆ, ಓದಿ ಇಷ್ಟವಾಗದಿದ್ದರೆ ವಾಪಸ್ ಕೊಡಬಹುದು. ಆ 30 ದಿನದಲ್ಲಿ ಒಂದು ಸಂಜೆಯನ್ನಾದರೂ ಇದಕ್ಕೆ ಕೊಡಿ.

ಮಾಡಿಸಿದ ಮೇಲೆ

ಪಾಲಿಸಿ ನನ್ನ ಇ-ಮೇಲಿನಲ್ಲಿತ್ತು. ಅಮ್ಮ ಬಿದ್ದಾಗ ನಾನು ಬೇರೆ ಊರಿನಲ್ಲಿದ್ದೆ. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಮ್ಮನಿಗೆ ಕಂಪನಿ ಹೆಸರೂ ನೆನಪಿರಲಿಲ್ಲ, ಅಡ್ವಾನ್ಸ್ ಕಟ್ಟಿ ಅಂದರು. ಈಗ ಮಾತ್ರೆ ಡಬ್ಬಿ ಇಡುವ ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇವೆ. ದಪ್ಪ ಅಕ್ಷರದಲ್ಲಿ ಪಾಲಿಸಿ ನಂಬರು, ಕಂಪನಿಯ ಫೋನು, ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ರೂಮ್ ಕೇಳಬೇಕು, ದಿನಾ ನುಂಗುವ ಮಾತ್ರೆಗಳು, ಯಾವ ಔಷಧಿ ಆಗುವುದಿಲ್ಲ. ಪಕ್ಕದ ಮನೆಯ ಅಕ್ಕನಿಗೂ ತೋರಿಸಿದ್ದೇವೆ.

ರಿನ್ಯೂವಲ್ ದಿನ ಮರೆಯಬೇಡಿ. ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನದ ರಿಯಾಯಿತಿ ಇದೆ, ಅದೂ ದಾಟಿದರೆ ಕಳೆದ ವೇಟಿಂಗ್ ಎಲ್ಲ ನೀರು ಪಾಲು. ಹೋದ ವರ್ಷ ಕ್ಲೇಮ್ ಮಾಡಿದ್ದೀರಿ ಎಂಬ ಕಾರಣಕ್ಕೆ ರಿನ್ಯೂವಲ್ ನಿಲ್ಲಿಸುವಂತಿಲ್ಲ. ಎಷ್ಟೋ ಹಿರಿಯರು ಇದೇ ಹೆದರಿಕೆಗೆ ಕ್ಲೇಮ್ ಹಾಕದೆ ಸ್ವಂತ ದುಡ್ಡು ಕಟ್ಟುತ್ತಾರೆ, ದಯವಿಟ್ಟು ಅವರಿಗೆ ತಿಳಿಸಿ ಹೇಳಿ.

ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಅರ್ಜಿಗೆ, ಅಂದರೆ ಬಿಲ್ಲನ್ನು ನೇರವಾಗಿ ಆಸ್ಪತ್ರೆಗೇ ಕಟ್ಟಿ ಎಂದು ಕೇಳುವ ಅರ್ಜಿಗೆ, ಕಂಪನಿ 1 ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯೊಳಗೆ. 2024ರ ಮೇ ತಿಂಗಳ ಆದೇಶ ಇದು. ಅವರು ತಡ ಮಾಡಿದ್ದಕ್ಕೆ ಆಸ್ಪತ್ರೆ ಹೆಚ್ಚಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಸಂಜೆವರೆಗೆ ಕೂತು ಕಾಯುವಾಗ ಈ ಮಾತು ಹೇಳಿ ನೋಡಿ.

ದುಡ್ಡು ಕತ್ತರಿಸಿದರೆ

ಯಾವ ಷರತ್ತಿನ ಪ್ರಕಾರ ಎಷ್ಟು ಕತ್ತರಿಸಿದಿರಿ ಎಂದು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣ ಅಥವಾ 155255. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ವಿಮೆಯ ತಕರಾರು ಕೇಳಿ ತೀರ್ಮಾನ ಕೊಡುವ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಫೀಸು ಇಲ್ಲ, ವಕೀಲರೂ ಬೇಡ, ಆದರೆ ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು.

ನಮಗೆ ಅಷ್ಟು ದೂರ ಹೋಗುವ ಅಗತ್ಯ ಬರಲಿಲ್ಲ. ರೂಮ್ ಮಿತಿ ದಾಟಿದಾಗ ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಖರ್ಚನ್ನು ಆ ಪ್ರಮಾಣದಲ್ಲಿ ಕತ್ತರಿಸಬಾರದು ಎಂದು ನಿಯಮ ಇದೆ. ಐಸಿಯು ಖರ್ಚನ್ನೂ ಹಾಗೆ ಕತ್ತರಿಸುವಂತಿಲ್ಲ, ರೂಮ್ ನೋಡಿ ದರ ಬದಲಿಸದ ಆಸ್ಪತ್ರೆಗಳಲ್ಲಿ ಈ ಕತ್ತರಿಯೇ ಇಲ್ಲ. ಅಮ್ಮನ ಬಿಲ್ಲಿನಲ್ಲಿ ಆ 1,32,000ಕ್ಕೂ 8ರಲ್ಲಿ 3 ಭಾಗ ಕತ್ತರಿ ಹಾಕಿದ್ದರು, ಅದೇ 49,500. ಅದನ್ನು ಸೇರಿಸಿಕೊಂಡು 20% ಕೋ-ಪೇ ಕಳೆದರೆ ಅವರು ನಮಗೆ ಕೊಡಬೇಕಾದದ್ದು 39,600. ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಬಿಲ್ಲಿನ ಪ್ರತಿ ಲಗತ್ತಿಸಿ, ಕಂಪನಿಯ ದೂರು ವಿಭಾಗಕ್ಕೆ ಒಂದೇ ಒಂದು ಮೇಲ್ ಕಳಿಸಿದೆ. ಮೂರನೇ ವಾರ ಅಮ್ಮ ವಾಕರ್ ಹಿಡಿದು ಹಜಾರದವರೆಗೆ ನಡೆದುಬಂದು, ಬ್ಯಾಂಕಿನಿಂದ ಏನೋ ಮೆಸೇಜ್ ಬಂದಿದೆ ನೋಡು ಎಂದು ಫೋನ್ ನನ್ನ ಕೈಗಿಟ್ಟಳು.